ಸಿಂಗಾಪುರಕ್ಕೆ ನಾಯಿ, ಬೆಕ್ಕು ಕರೆದುಕೊಂಡು ಬರುವ ಮೊದಲು

ಮೈಸೂರಿನಿಂದ ಸಿಂಗಾಪುರಕ್ಕೆ ಬರುತ್ತಿದ್ದೀರಿ, ಎಚ್‌ಡಿಬಿ (ಇಲ್ಲಿನ ಸರ್ಕಾರಿ ವಸತಿ ಮಂಡಳಿ) ಫ್ಲ್ಯಾಟ್ ಒಂದನ್ನು ಬಾಡಿಗೆಗೆ ನೋಡಿದ್ದೀರಿ, ಜೊತೆಗೆ ಒಂದು ಲ್ಯಾಬ್ರಡಾರ್, ಎರಡು ಬೆಕ್ಕು. "ತೊಂದರೆ ಇಲ್ಲ ತಾನೆ?" ಎಂದು ಕೇಳಿದ್ದೀರಿ. ತೊಂದರೆ ಇದೆ. ಕರಾರಿಗೆ ಸಹಿ ಹಾಕಿಲ್ಲ ಅಂದರೆ ಅಲ್ಲಿಗೇ ನಿಲ್ಲಿಸಿ.

ಎಚ್‌ಡಿಬಿ ಮನೆಯಲ್ಲಿ ಒಂದೇ ನಾಯಿ, ಅದೂ ಅವರು ಒಪ್ಪಿದ ಪಟ್ಟಿಯಲ್ಲಿರುವ ಸಣ್ಣ ತಳಿಯದ್ದು. ಭುಜದ ಎತ್ತರ 40 ಸೆಂ.ಮೀ., ತೂಕ 10 ಕೆಜಿ ಮೀರುವಂತಿಲ್ಲ. ಲ್ಯಾಬ್ರಡಾರ್‌ಗೆ ಜಾಗವೇ ಇಲ್ಲ. ಬೆಕ್ಕಿಗಂತೂ ಮೊದಲು ಪೂರ್ತಿ ನಿಷೇಧವಿತ್ತು. 2024ರ ಸೆಪ್ಟೆಂಬರ್ 1ರಿಂದ ಎರಡಕ್ಕೆ ಅನುಮತಿ ಸಿಕ್ಕಿದೆ. ಕಾಂಡೋ (ಖಾಸಗಿ ಅಪಾರ್ಟ್‌ಮೆಂಟ್) ಅಥವಾ ಸ್ವತಂತ್ರ ಮನೆಯಾದರೆ ನಾಯಿ, ಬೆಕ್ಕು ಸೇರಿ ಮೂರು. ನಿಮ್ಮ ಮೂರೂ ಅಲ್ಲಿ ಸರಿಯಾಗಿ ಹಿಡಿಸುತ್ತವೆ.

"ಯಾರಿಗೂ ಗೊತ್ತಾಗಲ್ಲ ಬಿಡಿ" ಅನ್ನುವವರು ಸಿಗುತ್ತಾರೆ. ಕೇಳಬೇಡಿ. 2018ರಲ್ಲಿ ಬಿಬಿಎಂಪಿ ಫ್ಲ್ಯಾಟಿಗೆ ಒಂದೇ ನಾಯಿ ಎಂದಾಗ ಗಲಾಟೆಯಾಗಿ ನಿಯಮ ಹಿಂದೆ ಹೋಯಿತು. ಇಲ್ಲಿ ಹಾಗಾಗುವುದಿಲ್ಲ. ನಾಯಿ ಬೊಗಳಿದ ಸದ್ದಿಗೆ ಪಕ್ಕದ ಮನೆಯವರು ದೂರು ಕೊಟ್ಟರೆ ಅದನ್ನು ಬೇರೆಯವರಿಗೆ ಕೊಡಬೇಕಾದೀತು. ಆ ನಾಯಿಗೆ ನಿಮ್ಮನ್ನು ಬಿಟ್ಟರೆ ಇಲ್ಲಿ ಯಾರು ಗೊತ್ತು?

ಈ ಮಿತಿ ಯಾಕೆ ಬೇಕು ಎಂಬುದು ನನಗೆ ಮನವರಿಕೆಯಾದದ್ದು ನಮ್ಮ ಬ್ಲಾಕಿನ ಒಬ್ಬ ಅಜ್ಜಿಯ ಮನೆಯಲ್ಲಿ. ಬೀದಿಯಲ್ಲಿ ಸಿಕ್ಕ ಬೆಕ್ಕನ್ನೆಲ್ಲ ಕರುಣೆಯಿಂದಲೇ ಒಳಗೆ ತಂದಿದ್ದರು. ಸಂತಾನಹರಣ ಮಾಡಿಸಿರಲಿಲ್ಲ, ಒಳಗೇ ಮರಿಗಳಾದವು. ಸ್ವಚ್ಛ ಮಾಡಲು ನಾವು ಕೆಲವರು ಹೋದಾಗ ಮೂತ್ರದ ಘಾಟಿಗೆ ಕಣ್ಣು ಉರಿಯುತ್ತಿತ್ತು. ಸೋಫಾ ಕೆಳಗೆ ಅಂಟಿಕೊಂಡ ಮರಿಗಳ ಕಣ್ಣು ಪಿಸುರು ಕಟ್ಟಿ ಮುಚ್ಚಿಹೋಗಿದ್ದವು. ಅಜ್ಜಿ ಪ್ರತಿಯೊಂದನ್ನೂ ಹೆಸರು ಹಿಡಿದು ಕರೆಯುತ್ತಿದ್ದರು. ಅವರನ್ನು ಕ್ರೂರಿ ಅನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ಕೈಮೀರಿದ ಪ್ರೀತಿಯಿಂದ ಆ ಜೀವಗಳು ಪಟ್ಟ ಪಾಡು ಕಣ್ಣಾರೆ ಕಂಡಿದ್ದೇನೆ. ಅತಿಯಾಗಿ ಪ್ರಾಣಿ ಕೂಡಿಹಾಕುವುದನ್ನು ವೈದ್ಯರು ಮಾನಸಿಕ ಕಾಯಿಲೆಯ ಒಂದು ರೂಪ ಎಂದೇ ಗುರುತಿಸುತ್ತಾರೆ. ಅಂಥವರಿಗೆ ದಂಡಕ್ಕಿಂತ ಮೊದಲು ಬೇಕಾದ್ದು ನೆರವು.

ಇಲ್ಲಿ ಬಂದ ಮೇಲೆ ಕೆಳಗಿನ ಬೀದಿ ಬೆಕ್ಕುಗಳನ್ನು ನೋಡಿ ನಿಮಗೂ ಮನಸ್ಸು ಕರಗುತ್ತದೆ. ಮನೆಗೆ ತರಬೇಡಿ. ಅವುಗಳಿಗೆ ಸಂತಾನಹರಣ ಮಾಡಿಸಿ ನೋಡಿಕೊಳ್ಳುವ ಸ್ವಯಂಸೇವಕರಿದ್ದಾರೆ, ಅವರ ಜೊತೆ ಕೈಜೋಡಿಸಿ.

ನಾಯಿ, ಬೆಕ್ಕು ಎರಡಕ್ಕೂ ಮೈಕ್ರೋಚಿಪ್, ಲೈಸೆನ್ಸ್ ಕಡ್ಡಾಯ. ಸಂತಾನಹರಣ ಆದ ನಾಯಿಯ ಲೈಸೆನ್ಸಿಗೆ ವರ್ಷಕ್ಕೆ 15 ಸಿಂಗಾಪುರ ಡಾಲರ್, ಆಗದಿದ್ದರೆ 90. ಸಂತಾನಹರಣ ಊರಲ್ಲೇ ಮಾಡಿಸಿ ಬನ್ನಿ. ಭಾರತದಲ್ಲಿ ರೇಬೀಸ್ ಇರುವುದರಿಂದ ಲಸಿಕೆ, ರಕ್ತಪರೀಕ್ಷೆ, ಆಮದು ಪರವಾನಗಿ, ಬಂದ ಮೇಲೆ ಕ್ವಾರಂಟೈನ್ ಎಲ್ಲ ಇರುತ್ತದೆ. ಈ ತಯಾರಿಗೆ ತಿಂಗಳುಗಳೇ ಬೇಕು, ಟಿಕೆಟ್ ಆಮೇಲೆ ಮಾಡಿ.

ಬೆಕ್ಕಿನ ಮನೆಗೆ ಮೊದಲ ಖರ್ಚು ಕಿಟಕಿಯ ಜಾಲರಿ. ಗ್ರಿಲ್ ಇದೆಯಲ್ಲ ಎಂದುಕೊಳ್ಳಬೇಡಿ, ತಲೆ ತೂರಿದರೆ ಬೆಕ್ಕು ಪೂರ್ತಿ ತೂರುತ್ತದೆ. ಹನ್ನೆರಡನೇ ಮಹಡಿಯಿಂದ ಬಿದ್ದರೆ ಮುಗಿಯಿತು. ಅಡುಗೆಮನೆ, ಬಚ್ಚಲಿನ ಸಣ್ಣ ಕಿಟಕಿಗಳನ್ನೂ ಬಿಡದೆ, ಜಾಲರಿಯನ್ನು ಕೇಬಲ್ ಟೈನಿಂದ ಬಿಗಿಯಾಗಿ ಕಟ್ಟಿ.

ಏಜೆಂಟಿಗೆ ಮೊದಲ ಮಾತಿನಲ್ಲೇ ಹೇಳಿ: ಲ್ಯಾಬ್ರಡಾರ್ ಇದೆ, ಎರಡು ಬೆಕ್ಕಿವೆ, ಕಾಂಡೋ ಬೇಕು, ಅಲ್ಲಿನ ಆಡಳಿತದ ನಿಯಮ ನೋಡಬೇಕು, ಮಾಲೀಕರ ಒಪ್ಪಿಗೆ ಕರಾರಿನಲ್ಲೇ ಬರೆದಿರಬೇಕು.