15 ವರ್ಷದ ನಂತರ ಒಂದಾಗುತ್ತಿರುವ ಫೋಕ್-ರಾಕ್ ಬ್ಯಾಂಡ್‌ನ ಲೈವ್ ಆಲ್ಬಮ್‌ಗೆ ಮಿಕ್ಸರ್‌ನ ಎರಡು ಚಾನೆಲ್ ರೆಕಾರ್ಡಿಂಗ್ ಸಾಕೇ?

ನಿಮ್ಮದು ಆರು ಜನರ ಬ್ಯಾಂಡ್. ಅಕೂಸ್ಟಿಕ್ ಗಿಟಾರ್, ಪಿಟೀಲು, ಕೊಳಲು, ಅಕಾರ್ಡಿಯನ್, ಬೇಸ್, ಡ್ರಮ್ಸ್. ಒಂದೇ ಹಾಲ್‌ನಲ್ಲಿ ಎರಡು ರಾತ್ರಿ ಕಾರ್ಯಕ್ರಮ. ಸೌಂಡ್‌ನವರು ಮಿಕ್ಸರ್‌ನಿಂದ ಸ್ಟೀರಿಯೋ ರೆಕಾರ್ಡಿಂಗ್ ಕೊಡುತ್ತೇವೆ ಎಂದಿದ್ದಾರೆ, ಅದು ಸಾಕೇ ಎಂದು ಕೇಳಿದ್ದೀರಿ. ನೆನಪಿಗೆ ಇಟ್ಟುಕೊಳ್ಳಲು ಸಾಕು, ಆಲ್ಬಮ್‌ಗೆ ಸಾಲದು.

ಕಾರಣ ಸರಳ. ಸೌಂಡ್‌ನವರು ಮಿಕ್ಸ್ ಮಾಡುವುದು ಹಾಲ್‌ನಲ್ಲಿ ಕೂತವರಿಗೆ. ಡ್ರಮ್ಸ್, ಬೇಸ್ ಆಂಪ್ ವೇದಿಕೆಯಿಂದಲೇ ಜೋರಾಗಿ ಕೇಳುತ್ತವೆ, ಹಾಗಾಗಿ ಸ್ಪೀಕರ್‌ಗೆ ಅವನ್ನು ಕಡಿಮೆ ಕಳಿಸಿ, ದನಿ ಮತ್ತು ಪಿಟೀಲನ್ನು ಹೆಚ್ಚು ಕಳಿಸುತ್ತಾರೆ. ಆ ಎರಡು ಚಾನೆಲ್ ಮನೆಯಲ್ಲಿ ಹಾಕಿ ಕೇಳಿದರೆ ದನಿ ಮುಖಕ್ಕೆ ಬಡಿಯುತ್ತದೆ, ಡ್ರಮ್ಸ್ ಎಲ್ಲೋ ಪಕ್ಕದ ಕೋಣೆಯಲ್ಲಿ, ಜನ ಇಲ್ಲವೇ ಇಲ್ಲ. ಒಟ್ಟಿಗೆ ಬೆರೆತು ಬಂದಿದ್ದನ್ನು ಆಮೇಲೆ ನೀಟಾಗಿ ಬಿಡಿಸುವುದು ಕಷ್ಟ.

ಹಾಗಾಗಿ ಪ್ರತಿ ಮೈಕ್‌ಗೂ ಒಂದೊಂದು ಟ್ರ್ಯಾಕ್, ಅಂದರೆ ಪ್ರತ್ಯೇಕ ರೆಕಾರ್ಡಿಂಗ್, ಬೇಕು. ಈಗಿನ ಡಿಜಿಟಲ್ ಮಿಕ್ಸರ್‌ಗಳಲ್ಲಿ ಯುಎಸ್‌ಬಿ ಮೂಲಕವೋ ಮೆಮೊರಿ ಕಾರ್ಡ್‌ಗೋ 32 ಚಾನೆಲ್ ತೆಗೆಯುವುದು ಮಾಮೂಲು. ಗುಣಮಟ್ಟಕ್ಕೆ 48 ಕಿಲೋಹರ್ಟ್ಸ್, 24 ಬಿಟ್ ಸಾಕು. 32 ಟ್ರ್ಯಾಕ್‌ಗೆ ಗಂಟೆಗೆ ಸುಮಾರು 17 ಜಿಬಿ ಆಗುತ್ತದೆ. ಸೌಂಡ್‌ನವರಿಗೆ ಹೇಳಬೇಕಾದ ಮುಖ್ಯ ಮಾತು: ಸಿಗ್ನಲ್ ಅನ್ನು ಇಕ್ಯೂ (ಸ್ವರದ ಬಣ್ಣ ತಿದ್ದುವುದು), ಕಂಪ್ರೆಸರ್ (ಏರಿಳಿತ ತಗ್ಗಿಸುವುದು), ಫೇಡರ್ (ಸದ್ದಿನ ಮಟ್ಟದ ಜಾರುಗುಂಡಿ) ಎಲ್ಲಕ್ಕಿಂತ ಮುಂಚೆಯೇ ತೆಗೆಯಿರಿ. ಇಲ್ಲದಿದ್ದರೆ ಹಾಡಿನ ನಡುವೆ ಅವರು ಫೇಡರ್ ಮುಟ್ಟಿದಾಗೆಲ್ಲ ನಿಮ್ಮ ಟ್ರ್ಯಾಕ್ ಏರಿಳಿಯುತ್ತದೆ. ಗೇನ್ (ಮೈಕ್ ಸಿಗ್ನಲ್ ಅನ್ನು ಮೊದಲು ಹಿಗ್ಗಿಸುವ ಮಟ್ಟ) ಮಾತ್ರ ಹಾಲ್‌ಗೂ ರೆಕಾರ್ಡಿಂಗ್‌ಗೂ ಒಂದೇ ಆಗಿರುತ್ತದೆ. ಸೌಂಡ್‌ಚೆಕ್‌ನಲ್ಲಿ ಅತಿ ಜೋರಿನ ಜಾಗದಲ್ಲೂ ಮೀಟರ್ ಮೈನಸ್ 12 ಡಿಬಿ ದಾಟದಂತೆ (ಸೊನ್ನೆ ದಾಟಿದರೆ ಸದ್ದು ಒಡೆಯುತ್ತದೆ) ಇಟ್ಟು, ಕಾರ್ಯಕ್ರಮ ಶುರುವಾದ ಮೇಲೆ ಯಾರೂ ಮುಟ್ಟಬಾರದು. ಜನ ಎದುರಿಗಿದ್ದಾಗ ಎಲ್ಲರೂ 6ರಿಂದ 10 ಡಿಬಿ ಜೋರಾಗಿ ಹಾಡುತ್ತಾರೆ, ನುಡಿಸುತ್ತಾರೆ. ವರ್ಷಗಟ್ಟಲೆ ಆದ ಮೇಲೆ ಸೇರಿದವರಂತೂ ಇನ್ನೂ ಜೋರು. ಎರಡನೆಯ ರೆಕಾರ್ಡರ್ ಒಂದು ಇರಲಿ, ಎರಡಕ್ಕೂ ಯುಪಿಎಸ್ ಇರಲಿ. ಲ್ಯಾಪ್‌ಟಾಪ್ ಆದರೆ ಬಫರ್ (ಸದ್ದನ್ನು ತಾತ್ಕಾಲಿಕವಾಗಿ ಹಿಡಿದಿಡುವ ಜಾಗ) 1024ಕ್ಕೆ ಏರಿಸಿ, ವೈಫೈ, ಅಪ್‌ಡೇಟ್, ಸ್ಲೀಪ್ ಎಲ್ಲ ಆಫ್ ಮಾಡಿ.

ಆದರೆ ಮೈಕ್ ಇಡುವ ಮೊದಲೇ ತೀರ್ಮಾನವಾಗಬೇಕಾದ್ದು ಶ್ರುತಿ. 15 ವರ್ಷದಲ್ಲಿ ದನಿ ಇಳಿದಿರುತ್ತದೆ. ಹಳೆಯ ಶ್ರುತಿಯಲ್ಲೇ ಹಾಡುತ್ತೇನೆಂಬ ಹಟ ರೆಕಾರ್ಡಿಂಗ್‌ನಲ್ಲಿ ನಿರ್ದಯವಾಗಿ ಕೇಳಿಸುತ್ತದೆ. ಇಳಿಸುವುದಾದರೆ ಮೊದಲ ರಿಹರ್ಸಲ್‌ಗೂ ಮುಂಚೆ ಇಳಿಸಿ, ಏಕೆಂದರೆ ಅದು ಗಾಯಕರೊಬ್ಬರ ವಿಷಯವಲ್ಲ. ಡಿ ಯಲ್ಲಿದ್ದ ಹಾಡನ್ನು ಸಿ ಗೆ ತಂದರೆ ಪಿಟೀಲಿನ ಬಿಟ್ಟ ತಂತಿಯ ಗುಂಯ್‌ಗುಟ್ಟುವಿಕೆ ಹೋಗುತ್ತದೆ, ಗಿಟಾರ್‌ನ ತೆರೆದ ತಂತಿಗಳ ಹಿಡಿತಗಳು ಹೋಗುತ್ತವೆ, ಕೊಳಲೇ ಬೇರೆ ಬೇಕಾಗುತ್ತದೆ. ಆ ಹಾಡಿನ ಜೀವ ಆ ಗುಂಯ್ ಸದ್ದಿನಲ್ಲೇ ಇದ್ದರೆ, ಪಿಟೀಲು ಮತ್ತು ಗಿಟಾರ್ ಎರಡನ್ನೂ ತಂತಿ ಸಡಿಲಿಸಿ ಇಳಿಸಿಕೊಳ್ಳುವುದು ಒಳ್ಳೆಯದು. ಪಿಟೀಲನ್ನು ಕೆಲವು ದಿನ ಮೊದಲೇ ಇಳಿಸಿಡಿ, ತಂತಿ ನೆಲೆಗೊಳ್ಳಲು ಸಮಯ ಬೇಕು.

ಇನ್ನೊಂದು ತೊಡಕನ್ನು ಬಹಳ ಜನ ಗಮನಿಸುವುದಿಲ್ಲ. ಹಾಲ್ ತುಂಬಿ ಬಿಸಿಯಾದಂತೆ ಕೊಳಲಿನ ಸ್ವರ ಏರುತ್ತದೆ, ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ 3 ಸೆಂಟ್‌ವರೆಗೆ (ಅರ್ಧ ಸ್ವರದ ನೂರನೇ ಒಂದು ಪಾಲು ಒಂದು ಸೆಂಟ್). ದೀಪಗಳ ಬಿಸಿಗೆ ತಂತಿಗಳು ಹಿಗ್ಗಿ ಗಿಟಾರ್ ಇಳಿಯುತ್ತದೆ. ಅಕಾರ್ಡಿಯನ್ ಹೆಚ್ಚುಕಡಿಮೆ ಅಲ್ಲೇ ಇರುತ್ತದೆ, ಅದನ್ನು ವೇದಿಕೆಯ ಮೇಲೆ ಹೊಂದಿಸಲೂ ಆಗದು. ಆದ್ದರಿಂದ ಎಲ್ಲರೂ ಅಕಾರ್ಡಿಯನ್‌ಗೆ ಹೊಂದಿಕೊಳ್ಳಿ, ಎರಡು ಮೂರು ಹಾಡಿಗೊಮ್ಮೆ ಶ್ರುತಿ ನೋಡಿಕೊಳ್ಳಲು ಬಿಡುವು ಇಟ್ಟುಕೊಳ್ಳಿ. ಆ ಬಿಡುವಿನಲ್ಲಿ ಒಬ್ಬರು ಮಾತಾಡಲಿ; ಆಲ್ಬಮ್‌ಗೆ ಮಾತೂ ಸಿಗುತ್ತದೆ.

ಮೈಕ್‌ಗಳ ವಿಷಯದಲ್ಲಿ ನಿಮ್ಮ ನಿಜವಾದ ಶತ್ರು ಡ್ರಮ್ಸ್ ಸದ್ದಿನ ಸೋರಿಕೆ. ಹಾಡುವವರ ಹಿಂದೆಯೇ ಡ್ರಮ್ಸ್ ಇದ್ದರೆ ದನಿಯ ಮೈಕ್‌ನಲ್ಲಿ ದನಿಯಷ್ಟೇ ಸಿಂಬಲ್ ಇರುತ್ತದೆ. ಡ್ರಮ್ಸನ್ನು ಒಂದು ಮೂಲೆಗೆ ಸರಿಸಿ, ಹಾಡುವವರ ನೇರ ಹಿಂದಿನಿಂದ ತಪ್ಪಿಸಿ. ಮಾನಿಟರ್ (ವೇದಿಕೆಯ ಮೇಲಿರುವವರಿಗೆ ತಮ್ಮ ಸದ್ದು ಕೇಳಿಸುವ ಸ್ಪೀಕರ್) ಎಲ್ಲಿರಬೇಕೆಂಬುದು ಮೈಕ್‌ನ ಬಗೆಯನ್ನು ಅವಲಂಬಿಸಿದೆ: ಮುಖ್ಯವಾಗಿ ಮುಂದಿನ ಸದ್ದನ್ನು ಹಿಡಿಯುವ ಕಾರ್ಡಿಯಾಯ್ಡ್ ಮೈಕ್‌ಗೆ ಕಿವಿ ಕೇಳಿಸದ ಜಾಗ ನೇರ ಹಿಂಬದಿ, ಹಾಗಾಗಿ ಮಾನಿಟರ್ ಗಾಯಕರ ಎದುರಿಗೇ ಇರಲಿ. ಇನ್ನೂ ಕಿರಿದಾಗಿ ಹಿಡಿಯುವ ಸೂಪರ್‌ಕಾರ್ಡಿಯಾಯ್ಡ್‌ಗೆ ಆ ಜಾಗ ಮುಂಬದಿಯಿಂದ ಸುಮಾರು 125 ಡಿಗ್ರಿಯಲ್ಲಿ, ಅಲ್ಲಿ ಮಾನಿಟರ್ ಓರೆಯಾಗಿ ಪಕ್ಕಕ್ಕಿರಬೇಕು. ಗಿಟಾರ್‌ನ ಪಿಕಪ್ (ಕಂಪನವನ್ನು ಗಿಟಾರ್‌ನಿಂದಲೇ ನೇರ ಹಿಡಿಯುವ ಸಾಧನ) ಕೊಡುವ ಸಿಗ್ನಲ್ಲೇ ನಿಮಗೆ ಆಧಾರ, ಅದರಲ್ಲಿ ಸೋರಿಕೆ ತೀರಾ ಕಡಿಮೆ. ಪ್ಲಾಸ್ಟಿಕ್‌ನಂಥ ಸದ್ದನ್ನು ಆಮೇಲೆ 1.5ರಿಂದ 3 ಕಿಲೋಹರ್ಟ್ಸ್ ನಡುವೆ ತಗ್ಗಿಸಿದರೆ ಬಹುಪಾಲು ಹೋಗುತ್ತದೆ. ಸುಮಾರು 100 ಹರ್ಟ್ಸ್‌ನಲ್ಲಿ ಗಿಟಾರ್ ಹೂಂಕರಿಸಿದರೆ ಅದರ ನಡುವಿನ ರಂಧ್ರಕ್ಕೆ ರಬ್ಬರ್ ಮುಚ್ಚಳ ಹಾಕಿ. ಪಿಕಪ್‌ನ 9 ವೋಲ್ಟ್ ಬ್ಯಾಟರಿ ಎರಡೂ ರಾತ್ರಿ ಹೊಸದಿರಲಿ. ಬ್ಯಾಟರಿ ಕುಗ್ಗಿದಾಗ ಮೊದಲು ಒಡೆಯುವುದು ಜೋರಾಗಿ ಮೀಟಿದ ಸ್ವರಗಳು, ವೇದಿಕೆಯ ಗದ್ದಲದಲ್ಲಿ ಅದು ಗೊತ್ತಾಗುವುದೇ ಇಲ್ಲ. ಪಿಟೀಲಿಗೆ ಕ್ಲಿಪ್ ಮೈಕ್, ಅಕಾರ್ಡಿಯನ್‌ಗೆ ಎರಡು ಕೈಗೂ ಒಂದೊಂದು.

ಜನರ ಮೈಕ್‌ಗಳನ್ನು ಕಡೆಗಣಿಸಬೇಡಿ. ವರ್ಷಗಳಿಂದ ಕಾದವರು ಹಾಡಿನ ಮೊದಲ ಸಾಲು ಗುರುತಿಸಿ ಕೂಗುತ್ತಾರಲ್ಲ, ಸ್ಟುಡಿಯೋದಲ್ಲಿ ಸಿಗದಿರುವುದು ಅದೊಂದೇ. ವೇದಿಕೆಯ ಎರಡೂ ಅಂಚಿನಲ್ಲಿ, ಸ್ಪೀಕರ್‌ಗಳಿಗಿಂತ ಹಿಂದೆ, ಜನರ ಕಡೆ ಮುಖ ಮಾಡಿದ ಒಂದು ಜೋಡಿ. ಮಿಕ್ಸರ್ ಹತ್ತಿರ ಎತ್ತರದಲ್ಲಿ ಇನ್ನೊಂದು ಜೋಡಿ. ಸದ್ದು ಒಂದು ಮೀಟರ್ ಸಾಗಲು ಸುಮಾರು 2.9 ಮಿಲಿಸೆಕೆಂಡ್ ಬೇಕು, ಅಂದರೆ 20 ಮೀಟರ್ ದೂರದ ಮೈಕ್ 58 ಮಿಲಿಸೆಕೆಂಡ್ ತಡ. ಹಾಗೇ ಬೆರೆಸಿದರೆ ಪ್ರತಿ ಏಟಿಗೂ ಎರಡನೆಯ ಏಟು ಕೇಳುತ್ತದೆ. ಸೌಂಡ್‌ಚೆಕ್‌ನಲ್ಲಿ ಡ್ರಮ್ಮರ್ ಕೋಲಿಗೆ ಕೋಲು ಹೊಡೆದ ಒಂದು ಸದ್ದು ರೆಕಾರ್ಡ್ ಮಾಡಿಟ್ಟುಕೊಂಡು, ದೂರದ ಟ್ರ್ಯಾಕನ್ನು ಅದಕ್ಕೆ ಸರಿಯಾಗಿ ಮುಂದಕ್ಕೆ ಎಳೆಯಿರಿ. ಆಮೇಲೆ 10 ಮಿಲಿಸೆಕೆಂಡ್ ಹಿಂದಕ್ಕೆ ಬಿಟ್ಟರೆ ಹಾಲ್‌ನ ಆಳ ಉಳಿಯುತ್ತದೆ.

ತಪ್ಪುಗಳನ್ನು ಸ್ಟುಡಿಯೋದಲ್ಲಿ ಸರಿಪಡಿಸೋಣ ಎಂಬ ಭರವಸೆ ಇಟ್ಟುಕೊಳ್ಳಬೇಡಿ. ದನಿಯನ್ನು ಮತ್ತೆ ಹಾಡಿಸಿ ಸೇರಿಸಿದರೂ, ಹಳೆಯ ದನಿ ಪಕ್ಕದವರ ಮೈಕ್‌ನಲ್ಲಿ, ಜನರ ಮೈಕ್‌ನಲ್ಲಿ ದೆವ್ವದ ಹಾಗೆ ಉಳಿದಿರುತ್ತದೆ. ಇದಕ್ಕಿಂತ ಒಳ್ಳೆಯ ದಾರಿ ಎಂದರೆ ಕಾರ್ಯಕ್ರಮದ ಮಧ್ಯಾಹ್ನ ಅದೇ ವೇದಿಕೆ, ಅದೇ ಮೈಕ್, ಅದೇ ಗೇನ್‌ನಲ್ಲಿ ಇಡೀ ಪಟ್ಟಿಯನ್ನು ಒಮ್ಮೆ ನುಡಿಸಿ ರೆಕಾರ್ಡ್ ಮಾಡುವುದು. ತೇಪೆಗೆ ಬೇಕಾದ ತುಂಡು ಅದೇ ಸೋರಿಕೆಯೊಂದಿಗೇ ಸಿಗುತ್ತದೆ. ಖಾಲಿ ಹಾಲ್‌ನ ಅನುರಣನ ತುಂಬಿದ ಹಾಲ್‌ಗಿಂತ ಉದ್ದ, ಹಾಗಾಗಿ ದೂರದ ಮೈಕ್‌ಗಳನ್ನು ಮಾತ್ರ ರಾತ್ರಿಯದ್ದೇ ಬಳಸಿ.

ತೇಪೆ ಕೂರಬೇಕಾದರೆ ವೇಗ ಒಂದೇ ಇರಬೇಕು. ಕಿವಿಗೆ ಕ್ಲಿಕ್ (ವೇಗ ಹೇಳುವ ಟಿಕ್ ಟಿಕ್ ಸದ್ದು) ಹಾಕಿಕೊಂಡು ನುಡಿಸಿದರೆ ಇಂಥ ಸಂಗೀತದ ಉಸಿರು ಕಟ್ಟುತ್ತದೆ, ನಾನು ಬೇಡವೆನ್ನುತ್ತೇನೆ. ಡ್ರಮ್ಮರ್ ಎದುರಿಗೆ ಮಿನುಗುವ ಮೆಟ್ರೋನೋಮ್ ಇಡಿ, ಎಣಿಕೆ ಮತ್ತು ಮೊದಲ ಎರಡು ಆವರ್ತನಕ್ಕೆ ಅದನ್ನು ನೋಡಲಿ, ಆಮೇಲೆ ಬಿಡಲಿ. ಎರಡು ರಾತ್ರಿಗಳ ವೇಗ ನಿಮಿಷಕ್ಕೆ ಒಂದು ಏಟಿನೊಳಗೆ ಹೊಂದಿದರೆ ಪಲ್ಲವಿ ಮುಗಿಯುವಲ್ಲಿ ಕತ್ತರಿಸಿ ಸೇರಿಸಬಹುದು. ಹೊಂದದಿದ್ದರೆ ಒಂದು ರಾತ್ರಿಯ ಹಾಡನ್ನೇ ಪೂರ್ತಿ ಇಡಿ.

ಮಿಕ್ಸಿಂಗ್‌ನಲ್ಲಿ ದನಿಗೆ ಗೇಟ್ (ಸದ್ದು ಕಡಿಮೆಯಾದಾಗ ಟ್ರ್ಯಾಕನ್ನು ತಾನೇ ಮುಚ್ಚುವ ಸಾಧನ) ಹಾಕಬೇಡಿ. ಗೇಟ್ ತೆರೆದಾಗೆಲ್ಲ ಸಿಂಬಲ್ ಧುತ್ತೆಂದು ಹಿಗ್ಗುತ್ತದೆ, ಮುಚ್ಚಿದಾಗ ಕುಗ್ಗುತ್ತದೆ. ಹಾಡದಿರುವ ಜಾಗಗಳಲ್ಲಿ ಕೈಯಾರೆ 6ರಿಂದ 8 ಡಿಬಿ ತಗ್ಗಿಸಿದರೆ ಸಾಕು. ಎರಡು ರಾತ್ರಿಗಳನ್ನು ಬೆಸೆಯುವಾಗ ಚಪ್ಪಾಳೆ ಅತಿ ದಟ್ಟವಾಗಿರುವಲ್ಲೇ ಕತ್ತರಿಸಿ, 2 ಸೆಕೆಂಡಾದರೂ ಒಂದರೊಳಗೊಂದು ಕರಗಿಸಿ. ಚಪ್ಪಾಳೆ ತೆಳುವಾದಲ್ಲಿ ಕತ್ತರಿಸಿದರೆ ಒಬ್ಬೊಬ್ಬರ ಕೈ ಸದ್ದೂ ಮಾಯವಾಗುವುದು ಗೊತ್ತಾಗುತ್ತದೆ.

ಹಾಡಿದ್ದೆಲ್ಲ ಆಲ್ಬಮ್‌ಗೆ ಬರಬೇಕಿಲ್ಲ. 1981ರ ಸೆಪ್ಟೆಂಬರ್ 19ರಂದು ಅಮೆರಿಕದ ಫೋಕ್-ರಾಕ್ ಜೋಡಿ ಸೈಮನ್ ಮತ್ತು ಗಾರ್ಫಂಕಲ್ ನ್ಯೂಯಾರ್ಕ್‌ನ ಸೆಂಟ್ರಲ್ ಪಾರ್ಕ್‌ನಲ್ಲಿ ಮತ್ತೆ ಒಂದಾಗಿ ಹಾಡಿದ್ದು 21 ಹಾಡು, ಮರುವರ್ಷದ ಆಲ್ಬಮ್‌ನಲ್ಲಿ ಇದ್ದದ್ದು 19. ವಿನೈಲ್ ಯೋಚನೆ ಇದ್ದರೆ ಒಂದು ಬದಿಗೆ 20 ನಿಮಿಷದ ಲೆಕ್ಕ ಹಿಡಿಯಿರಿ. ಅದಕ್ಕಿಂತ ತುರುಕಿದರೆ ಸದ್ದು ಸಣ್ಣದಾಗುತ್ತದೆ.

ಕಾಗದಪತ್ರವನ್ನು ಮಾತ್ರ ಕಾರ್ಯಕ್ರಮಕ್ಕೆ ಮುಂಚೆಯೇ ಮುಗಿಸಿ. ಹಳೆಯ ಕಂಪನಿಯ ಕರಾರಿನಲ್ಲಿ ಅದೇ ಹಾಡುಗಳನ್ನು ಇಂತಿಷ್ಟು ವರ್ಷ ಮತ್ತೆ ರೆಕಾರ್ಡ್ ಮಾಡಬಾರದೆಂಬ ಷರತ್ತು ಇದೆಯೇ ನೋಡಿ, ಲೈವ್ ಕೂಡ ಅದರಡಿ ಬರಬಹುದು. ಜನಪದ ಹಾಡಿಗೆ ಹಕ್ಕುದಾರರಿಲ್ಲದಿದ್ದರೂ, ನೀವು ಹಾಡುವ ರೂಪ ಇನ್ನೊಬ್ಬರು ಹೊಂದಿಸಿದ್ದಾದರೆ ಅವರಿಗೆ ಹಕ್ಕಿರುತ್ತದೆ. ಒಂದು ಹಾಡಿಗಷ್ಟೇ ಬಂದು ಹೋಗುವ ಹಳೆಯ ಸದಸ್ಯರಿಂದಲೂ ಸಹಿ ಬೇಕು.

ಕೊನೆಯ ಹಂತದಲ್ಲಿ ಸದ್ದನ್ನು ಹಿಂಡಿ ಜೋರು ಮಾಡುವ ಅಗತ್ಯವಿಲ್ಲ, ಸ್ಪಾಟಿಫೈನಂಥವು ಹೇಗೂ ಎಲ್ಲವನ್ನೂ ಮೈನಸ್ 14 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಒಟ್ಟು ಜೋರಿನ ಅಳತೆ) ಆಸುಪಾಸಿಗೆ ತರುತ್ತವೆ. ಗರಿಷ್ಠ ಮಟ್ಟ ಮೈನಸ್ 1 ಡಿಬಿ ದಾಟದಿರಲಿ. ಮಾತನ್ನು ಹಿಂದಿನ ಹಾಡಿನ ಬಾಲಕ್ಕೆ ಸೇರಿಸಿ, ಮುಂದಿನ ಟ್ರ್ಯಾಕ್ ಎಣಿಕೆಯಿಂದಲೇ ಶುರುವಾಗಲಿ. ಒಂದೇ ಹಾಡನ್ನು ಆರಿಸಿ ಕೇಳುವವರು ಪ್ರತಿ ಸಲ ಮಾತು ದಾಟಿಸಬೇಕಾಗುವುದಿಲ್ಲ. ಸಿಡಿಗೆ ಪ್ರತಿ ಟ್ರ್ಯಾಕ್‌ನ ಉದ್ದ 588 ಸ್ಯಾಂಪಲ್‌ಗಳ (ಡಿಜಿಟಲ್ ಸದ್ದಿನ ಅತಿ ಸಣ್ಣ ತುಣುಕುಗಳ) ಗುಣಕವಾಗಿರಬೇಕು, ಇಲ್ಲದಿದ್ದರೆ ಚಪ್ಪಾಳೆಯ ನಡುವೆ ಟಕ್ಕೆಂದು ಸಣ್ಣ ಬಿರುಕು ಕೇಳುತ್ತದೆ. ಕಳಿಸುವುದು ವೇವ್ ಫೈಲ್, ಎಂಪಿ3 ಅಲ್ಲ. ಎಂಪಿ3 ತಾನಾಗಿಯೇ ಎರಡೂ ತುದಿಗೆ ಮೌನ ಸೇರಿಸುತ್ತದೆ.