ಹಿಮಗಾಡಿನ ಸರ್ವೈವಲ್ ಗೇಮ್‌ಗೆ ಹೊಸ ಐಟಂಗಳು: ಮೊದಲು ತೇವದ ಲೆಕ್ಕ, ಆಮೇಲೆ ಚಳಿ

ನೀವು ಕೇಳಿದ್ದು ಇಷ್ಟು: 'ದ ಲಾಂಗ್ ಡಾರ್ಕ್' ಥರದ ಗೇಮ್ ಮಾಡುತ್ತಿದ್ದೇನೆ, ಉತ್ತರ ಕೆನಡಾದ ಸ್ಪ್ರೂಸ್ ಮತ್ತು ಬರ್ಚ್ ಕಾಡು, ಮೈನಸ್ 20ರಿಂದ ಮೈನಸ್ 40 ಡಿಗ್ರಿ. ಕೊಡಲಿ, ಬೆಂಕಿಪೊಟ್ಟಣ, ಪಾತ್ರೆ, ಸ್ಲೀಪಿಂಗ್ ಬ್ಯಾಗ್, ಮೊಲದ ಉರುಲು ಆಗಲೇ ಇವೆ. ಇನ್ನೇನು ಹೊಸದು ಸೇರಿಸಬಹುದು?

ಐಟಂಗಳಿಗಿಂತ ಮೊದಲು ಒಂದು ಮೀಟರ್ ಸೇರಿಸಿ: ಬಟ್ಟೆಯೊಳಗಿನ ತೇವ. ಚಳಿಯನ್ನು ಒಂದೇ ಸಂಖ್ಯೆಯಾಗಿ ಇಟ್ಟರೆ ಪ್ರತಿ ಹೊಸ ಐಟಂ ಕೂಡ 'ಇನ್ನೆರಡು ಡಿಗ್ರಿ ಬೆಚ್ಚಗೆ' ಅನ್ನುವ ಬೋನಸ್ ಆಗಿ ಉಳಿಯುತ್ತದೆ, ಆಟಗಾರ ಯೋಚಿಸುವ ಅಗತ್ಯವೇ ಬರುವುದಿಲ್ಲ. ನಿಜವಾದ ಹಿಮಗಾಡಿನಲ್ಲಿ ಆಗುವುದು ಬೇರೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತದೆ. ದಪ್ಪ ಕೋಟು ಹಾಕಿಕೊಂಡು ಅರ್ಧ ಗಂಟೆ ಸೌದೆ ಒಡೆದವನು ಬೆವರುತ್ತಾನೆ, ಕೆಲಸ ನಿಲ್ಲಿಸಿದ ಮೇಲೆ ಅದೇ ಬೆವರು ಅವನ ಮೈಶಾಖವನ್ನು ಹೊರಗೆಳೆಯುತ್ತದೆ. ಆದ್ದರಿಂದ ಓಡಿದರೆ, ಕಡಿದರೆ, ಭಾರ ಎಳೆದರೆ ತೇವ ಏರಲಿ. ಕೋಟಿನ ಗುಂಡಿ ಬಿಚ್ಚಿದರೆ ನಿಧಾನವಾಗಿ ಇಳಿಯಲಿ. ಈ ಮೀಟರ್ ಇದ್ದರೆ ಕೆಳಗೆ ಹೇಳುವ ಪ್ರತಿ ವಸ್ತುವಿಗೂ ಬೆಲೆ ಬರುತ್ತದೆ.

ತೇವಕ್ಕೆ ಸಂಬಂಧಿಸಿದ ಮೊದಲ ಐಟಂ, ಬೂಟಿನೊಳಗೆ ತುಂಬುವ ಒಣಹುಲ್ಲು. ಉತ್ತರ ಯುರೋಪಿನ ಸಾಮಿ ಜನ ಕೆರೆಯಂಚಿನಲ್ಲಿ ಬೆಳೆಯುವ ಜೊಂಡಿನಂಥ ಹುಲ್ಲನ್ನು ಬೇಸಿಗೆಯಲ್ಲಿ ಕೊಯ್ದು, ಬಡಿದು ಮೆತ್ತಗೆ ಮಾಡಿ, ಒಣಗಿಸಿ ಪಾದರಕ್ಷೆಯಲ್ಲಿ ತುಂಬುತ್ತಿದ್ದರು. ಅದು ಬೆವರು ಹೀರುತ್ತದೆ. ರಾತ್ರಿ ಹೊರತೆಗೆದು ಹರವಿದರೆ ತೇವ ಹಿಮದ ಪುಡಿಯಾಗಿ ಗಟ್ಟಿಯಾಗುತ್ತದೆ, ಕೊಡವಿದರೆ ಉದುರಿಹೋಗುತ್ತದೆ. ಗೇಮ್‌ನಲ್ಲಿ ಎರಡು ಕಟ್ಟು ಕೊಡಿ: ಒಂದು ಬೂಟಿನಲ್ಲಿ, ಇನ್ನೊಂದು ಒಣಗುತ್ತಾ. ಮಲಗುವ ಮುನ್ನ ತೆಗೆಯಲು ಮರೆತರೆ ಬೆಳಿಗ್ಗೆ ಬೂಟು ಮರದ ಕೊರಡಿನಂತೆ ಹೆಪ್ಪುಗಟ್ಟಿರಲಿ, ಹಾಕಿಕೊಳ್ಳಲು ಇಪ್ಪತ್ತು ನಿಮಿಷ ಬೆಂಕಿ ಬೇಕಾಗಲಿ.

ಕಾಡಿನಲ್ಲಿ ಸಿಗುವ ಸಾಮಾನ್ಯ ಪ್ಲಾಸ್ಟಿಕ್ ಚೀಲಕ್ಕೂ ಇಲ್ಲಿ ಕೆಲಸವಿದೆ. ತೆಳು ಕಾಲುಚೀಲ, ಅದರ ಮೇಲೆ ಪ್ಲಾಸ್ಟಿಕ್, ಅದರ ಮೇಲೆ ಉಣ್ಣೆಯ ದಪ್ಪ ಕಾಲುಚೀಲ. ಬೆವರು ಉಣ್ಣೆಗೆ ತಲುಪದೆ ಅದು ಒಣಗಿಯೇ ಇರುತ್ತದೆ, ಆದರೆ ಪಾದ ಒದ್ದೆಯಲ್ಲೇ ನೆನೆಯುತ್ತದೆ. ದಿನವಿಡೀ ತೆಗೆಯದಿದ್ದರೆ ಚರ್ಮ ಬೆಳ್ಳಗೆ ಸುಕ್ಕಾಗಿ ಕೊಳೆಯಲು ಶುರುವಾಗುತ್ತದೆ. ಒಳ್ಳೆಯದು, ಕೆಟ್ಟದ್ದು ಎರಡೂ ಒಂದೇ ಐಟಂನಲ್ಲಿವೆ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಸೇರ್ಪಡೆ ಕೋಟಿನ ಒಳಜೇಬು. ಅದನ್ನು ಮೂರೇ ಜಾಗದ ಪ್ರತ್ಯೇಕ ಇನ್ವೆಂಟರಿ ಮಾಡಿ, ಅದರಲ್ಲಿಟ್ಟದ್ದು ಮೈಶಾಖದಲ್ಲಿರಲಿ, ಬೆನ್ನಿನ ಚೀಲದಲ್ಲಿರುವುದೆಲ್ಲ ಹೊರಗಿನ ತಾಪಮಾನಕ್ಕೆ ಇಳಿಯಲಿ. ಬ್ಯೂಟೇನ್ ಮೈನಸ್ 0.5 ಡಿಗ್ರಿಗಿಂತ ಕೆಳಗೆ ಅನಿಲವಾಗುವುದಿಲ್ಲ. ಹಾಗಾಗಿ ಚೀಲದಲ್ಲಿದ್ದ ಸಾಮಾನ್ಯ ಲೈಟರ್ ಮೈನಸ್ 20ರಲ್ಲಿ ಬರೀ ಕಿಡಿ ಕೊಡುತ್ತದೆ, ಉರಿ ಬರುವುದಿಲ್ಲ. ಕಂಕುಳಲ್ಲಿಟ್ಟು ಬೆಚ್ಚಗೆ ಮಾಡಿದರೆ ಮತ್ತೆ ಹತ್ತುತ್ತದೆ. ಟಾರ್ಚಿನ ಆಲ್ಕಲೈನ್ ಸೆಲ್ ಚಳಿಯಲ್ಲಿ ಸೊರಗುತ್ತದೆ, ಬೆಚ್ಚಗಾದರೆ ಒಂದಷ್ಟು ಚೇತರಿಸಿಕೊಳ್ಳುತ್ತದೆ. ನೀರಿನ ಬಾಟಲಿ, ಔಷಧದ ಸೀಸೆ, ಹಿಂದಿನ ರಾತ್ರಿ ಒಣಗದ ಕೈಗವಸು, ಎಲ್ಲಕ್ಕೂ ಅದೇ ಮೂರು ಜಾಗ ಬೇಕು. ಯಾವುದನ್ನು ಬಿಡುವುದು ಅನ್ನುವ ತೀರ್ಮಾನವನ್ನು ಆಟಗಾರ ಪ್ರತಿ ಬೆಳಿಗ್ಗೆ ಮಾಡಬೇಕು. ಒಂದು ಸಣ್ಣ ವಿವರವನ್ನು ಬಿಡಬೇಡಿ: ಚೀಲದಲ್ಲಿ ಬಾಟಲಿಯನ್ನು ತಲೆಕೆಳಗಾಗಿಡುವ ಆಯ್ಕೆ ಕೊಡಿ. ಮಂಜುಗಡ್ಡೆ ಮೇಲ್ಭಾಗದಿಂದ ಕಟ್ಟುವುದರಿಂದ, ತಲೆಕೆಳಗಾಗಿಟ್ಟ ಬಾಟಲಿಯ ಮುಚ್ಚಳದ ಕಡೆ ಕೊನೆಗೆ ಹೆಪ್ಪುಗಟ್ಟುತ್ತದೆ.

ನೀರಿನ ವಿಷಯಕ್ಕೆ ಬಂದರೆ, ಹಿಮ ಕರಗಿಸುವುದನ್ನು ಅಗ್ಗ ಮಾಡಬೇಡಿ. 0 ಡಿಗ್ರಿಯ ಒಂದು ಕಿಲೋ ಹಿಮ ಕರಗಲು 334 ಕಿಲೋಜೂಲ್ ಬೇಕು. ಅಷ್ಟೇ ನೀರನ್ನು 0ಯಿಂದ 80 ಡಿಗ್ರಿಗೆ ಏರಿಸಲು ಬೇಕಾಗುವಷ್ಟು ಶಾಖ ಅದು. ಹೊಸ ಹಿಮವಾದರೆ ಒಂದು ಲೀಟರ್ ನೀರಿಗೆ ಹತ್ತು ಲೀಟರ್ ಪಾತ್ರೆಯಷ್ಟು ತುಂಬಬೇಕು. ಬಿಸಿ ಪಾತ್ರೆಗೆ ಒಣ ಹಿಮವನ್ನೇ ಸುರಿದರೆ ಕರಗಿದ ನೀರನ್ನು ಮೇಲಿನ ಹಿಮ ಹೀರಿಕೊಂಡು ತಳ ಸೀಯುತ್ತದೆ, ನೀರಿಗೆ ಸೀದ ರುಚಿ ಬರುತ್ತದೆ. ತಳದಲ್ಲಿ ಒಂದು ಲೋಟ ನೀರು ಮೊದಲೇ ಇರಬೇಕು. ಅಂದರೆ ಕೊನೆಯ ಲೋಟ ನೀರನ್ನು ಕುಡಿದುಬಿಟ್ಟವನಿಗೆ ಮುಂದಿನ ನೀರು ದುಬಾರಿ.

ಬೆಂಕಿಗೆ ಎರಡು ಐಟಂ. ಒಂದು ಕರಿಬಟ್ಟೆ. ಅಪ್ಪಟ ಹತ್ತಿಬಟ್ಟೆಯನ್ನು ಬೆಂಕಿಪೊಟ್ಟಣದ ಅಳತೆಗೆ ಕತ್ತರಿಸಿ, ಮುಚ್ಚಳದಲ್ಲಿ ಮೊಳೆಯಷ್ಟು ತೂತಿರುವ ತಗಡಿನ ಡಬ್ಬಿಯಲ್ಲಿಟ್ಟು ಕೆಂಡದ ಮೇಲಿಡಬೇಕು. ತೂತಿನಿಂದ ಬಿಳಿ ಹೊಗೆ ಬರುತ್ತದೆ. ಹೊಗೆ ಪೂರ್ತಿ ನಿಂತ ಮೇಲೆ ಡಬ್ಬಿ ಹೊರತೆಗೆದು, ತೂತು ಮುಚ್ಚಿ, ಕೈಗೆ ತಣ್ಣಗೆ ಅನಿಸುವವರೆಗೆ ಕಾಯಬೇಕು. ಆತುರಪಟ್ಟು ತೆರೆದರೆ ಗಾಳಿ ನುಗ್ಗಿ ಎಲ್ಲ ಬೂದಿ. ಪಾಲಿಯೆಸ್ಟರ್ ಬೆರೆತ ಬಟ್ಟೆಯಾದರೆ ಕರಗಿ ಅಂಟಾಗುತ್ತದೆ. ಸರಿಯಾಗಿ ಆದದ್ದು ಕಪ್ಪಗಿದ್ದೂ ಹರಿಯದೆ ಕೈಗೆ ಬರುತ್ತದೆ, ಚಕಮಕಿಯ ಒಂದೇ ಕಿಡಿಗೆ ಕೆಂಪು ಚುಕ್ಕೆ ಹಿಡಿದು ನಿಧಾನವಾಗಿ ಹರಡುತ್ತದೆ. ಗಾಳಿಯ ತೇವವನ್ನೇ ಅದು ಹೀರಿಕೊಳ್ಳುವುದರಿಂದ ಡಬ್ಬಿ ಬಿಗಿಯಾಗಿರಬೇಕು. ಬೇಕಾದರೆ ಮೇಣ ಹಚ್ಚಿ ಮುಚ್ಚುವ ಹಂತವನ್ನೂ ಇಡಿ.

ಇನ್ನೊಂದು ಕೆಂಡದ ಡಬ್ಬಿ. 1991ರಲ್ಲಿ ಆಲ್ಪ್ಸ್ ಪರ್ವತದಲ್ಲಿ ಸಿಕ್ಕ, ಸುಮಾರು 5,300 ವರ್ಷ ಹಿಂದಿನ ಓಟ್ಸಿ ಎಂಬ ಮನುಷ್ಯನ ಹೆಪ್ಪುಗಟ್ಟಿದ ಶವದ ಬಳಿ ಬರ್ಚ್ ತೊಗಟೆಯ ಎರಡು ಡಬ್ಬಿಗಳಿದ್ದವು. ಒಂದರಲ್ಲಿ ಮೇಪಲ್ ಎಲೆಯ ಜೊತೆ ಇದ್ದಿಲ ಚೂರುಗಳಿದ್ದವು. ಬೂದಿ ಮುಚ್ಚಿದ ಕೆಂಡವನ್ನು ಹೊತ್ತುಕೊಂಡೇ ನಡೆಯುವ ಉಪಾಯ ಅದು. ನಿಮ್ಮ ಕಾಡಿನ ಬರ್ಚ್ ಮರಗಳಲ್ಲಿ ಕಪ್ಪು ಗಂಟಿನಂತೆ ಬೆಳೆಯುವ ಚಾಗಾ ಅಣಬೆ ಒಣಗಿದ ಮೇಲೆ ಕೆಂಡವನ್ನು ಗಂಟೆಗಟ್ಟಲೆ ಹಿಡಿದಿಡುತ್ತದೆ. ಅದಕ್ಕೆ ಮೂರು ಗಂಟೆ ಆಯುಸ್ಸು ಕೊಡಿ. ಗಾಳಿ ಹೆಚ್ಚಾದರೆ ಬೇಗ ಉರಿದು ಮುಗಿಯಲಿ, ಪೂರ್ತಿ ಮುಚ್ಚಿದರೆ ಆರಲಿ. ಆರಿದೆಯೋ ಇಲ್ಲವೋ ತೆರೆದು ನೋಡದೆ ಗೊತ್ತಾಗಬಾರದು, ತೆರೆದಾಗೆಲ್ಲ ಹದಿನೈದು ನಿಮಿಷ ಕಡಿಮೆಯಾಗಲಿ.

ಆಹಾರದಲ್ಲಿ ಮೊಲವೊಂದನ್ನೇ ತಿಂದು ಬದುಕುವ ಆಟಗಾರನನ್ನು ತಡೆಯಬೇಕಾದರೆ ಕೊಬ್ಬು ಎಂಬ ಪ್ರತ್ಯೇಕ ಐಟಂ ತನ್ನಿ. ಮೊಲದ ಮಾಂಸದಲ್ಲಿ ಕೊಬ್ಬು ತೀರಾ ಕಡಿಮೆ. ದಿನದ ಕ್ಯಾಲೊರಿಯಲ್ಲಿ ಸುಮಾರು ಶೇಕಡಾ 35ಕ್ಕಿಂತ ಹೆಚ್ಚು ಪ್ರೋಟೀನ್‌ನಿಂದಲೇ ಬಂದರೆ ದೇಹ ತಡೆಯಲಾರದು: ಭೇದಿ, ತಲೆನೋವು, ಸುಸ್ತು, ಹೊಟ್ಟೆ ತುಂಬಿದರೂ ಹೋಗದ ಹಸಿವು. ಇದಕ್ಕೆ ಕೆನಡಾದ ಮೂಲನಿವಾಸಿಗಳಾದ ಕ್ರೀ ಮತ್ತು ಮೆಟಿ ಜನರ ಉತ್ತರ ಪೆಮಿಕನ್. ಐದು ಕಿಲೋ ಹಸಿ ಮಾಂಸವನ್ನು ತೆಳ್ಳಗೆ ಸೀಳಿ ಒಣಗಿಸಿದರೆ ಸುಮಾರು ಒಂದು ಕಿಲೋ ಉಳಿಯುತ್ತದೆ. ಅದನ್ನು ಕುಟ್ಟಿ ಪುಡಿಮಾಡಿ ಅಷ್ಟೇ ತೂಕದ ಕರಗಿಸಿದ ಕೊಬ್ಬು ಬೆರೆಸಬೇಕು. ಮಡಿಸಿದಾಗ ಮುರಿಯದೆ ಬಾಗುವ ಮಾಂಸದಲ್ಲಿ ತೇವ ಉಳಿದಿದೆ ಎಂದರ್ಥ, ಅದು ಬೂಸ್ಟು ಹಿಡಿಯುತ್ತದೆ. ಕೊಬ್ಬಿನಲ್ಲಿ ಗುಳ್ಳೆ ಏಳುವುದು ನಿಲ್ಲುವ ಮುನ್ನ ಇಳಿಸಿದರೂ ಅದೇ ಗತಿ. ನೋಡಿ, ಇಲ್ಲೂ ಕೆಡಿಸುವುದು ತೇವವೇ.

ಹಿಮಕನ್ನಡಕವನ್ನು ಖಂಡಿತ ಸೇರಿಸಿ. ಇನುಯಿಟ್ ಜನ ಮರ, ಮೂಳೆ ಅಥವಾ ಕೊಂಬಿನ ತುಂಡಿನಲ್ಲಿ ಸಣ್ಣ ಸೀಳು ಬಿಟ್ಟು ಮಾಡುತ್ತಿದ್ದದ್ದು, ಒಳಬದಿಗೆ ಮಸಿ ಬಳಿಯಬಹುದು. ಹೊಸ ಹಿಮ ಅತಿನೇರಳೆ ಕಿರಣದಲ್ಲಿ ಶೇಕಡಾ 80ರಷ್ಟನ್ನು ತಿರುಗಿ ಮೇಲಕ್ಕೆ ಹೊಡೆಯುತ್ತದೆ, ಮೋಡವಿದ್ದರೂ ಅಪಾಯ ತಪ್ಪಿದ್ದಲ್ಲ. ಕಣ್ಣಿನ ಉರಿ ಶುರುವಾಗುವುದು ಆರರಿಂದ ಹನ್ನೆರಡು ಗಂಟೆಯ ನಂತರ, ಸಾಮಾನ್ಯವಾಗಿ ರಾತ್ರಿ. ಆದ್ದರಿಂದ ಹಗಲು ಯಾವ ಎಚ್ಚರಿಕೆಯನ್ನೂ ತೋರಿಸಬೇಡಿ. ಕನ್ನಡಕ ಹಾಕಿದವನಿಗೆ ಪಕ್ಕದಿಂದ ಬರುವ ತೋಳ ಕಾಣಿಸದಿರಲಿ.

ಕೊನೆಯದು, ಕೆರೆ ದಾಟುವವರಿಗೆ ಕೊರಳಲ್ಲಿ ತೂಗುವ ಮಂಜುಗಡ್ಡೆಯ ಮೊಳೆ: ಹಿಡಿಯಷ್ಟು ಉದ್ದದ ಎರಡು ಮರದ ತುಂಡು, ತುದಿಯಲ್ಲಿ ಚೂಪು ಮೊಳೆ, ನಡುವೆ ದಾರ. ನಡೆದು ಹೋಗುವವನಿಗೆ ಕನಿಷ್ಠ 10 ಸೆಂಟಿಮೀಟರ್ ಗಟ್ಟಿ ಪಾರದರ್ಶಕ ಮಂಜುಗಡ್ಡೆ ಬೇಕು. ಹಿಮ ಬೆರೆತು ಬೆಳ್ಳಗಾದದ್ದಕ್ಕೆ ಅರ್ಧದಷ್ಟೇ ಬಲ. ಒಡೆದು ಬಿದ್ದರೆ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಅವರು ಹೇಳಿಕೊಡುವ 1-10-1 ಲೆಕ್ಕವನ್ನು ಹಾಗೇ ಟೈಮರ್ ಮಾಡಿ: ಉಸಿರು ಹತೋಟಿಗೆ ತರಲು 1 ನಿಮಿಷ, ಕೈಕಾಲು ಮಾತು ಕೇಳುವುದು 10 ನಿಮಿಷ, ಪ್ರಜ್ಞೆ ತಪ್ಪುವವರೆಗೆ 1 ಗಂಟೆ. ಮೊಳೆ ಇಲ್ಲದವನ ಒದ್ದೆ ಕೈ ಮಂಜುಗಡ್ಡೆಯ ಮೇಲೆ ಜಾರುತ್ತಲೇ ಇರಲಿ. ಇದ್ದವನು ಬಂದ ದಾರಿಯ ಕಡೆಗೇ ಮೊಳೆ ಕುಕ್ಕಿ, ಕಾಲು ಬಡಿದು, ಮೇಲೆ ಬಂದು, ಎದ್ದು ನಿಲ್ಲದೆ ಉರುಳಿಕೊಂಡು ದೂರ ಸರಿಯಲಿ. ಆ ಹೊತ್ತಿಗೆ ತೇವದ ಮೀಟರ್ ಪೂರ್ತಿ ತುಂಬಿರುತ್ತದೆ, ಲೈಟರ್ ನೆನೆದಿರುತ್ತದೆ, ಕೆಂಡ ಆರಿರುತ್ತದೆ. ಮೂರು ದಿನ ಹಿಂದೆ ಕರಿಬಟ್ಟೆಯ ಡಬ್ಬಿಗೆ ಮೇಣ ಹಚ್ಚಿದ್ದನೋ ಇಲ್ಲವೋ ಎಂಬುದು ಆಗ ಲೆಕ್ಕಕ್ಕೆ ಬರುತ್ತದೆ.