ಆಯ್ಲರ್ಸ್ ಸೋಲು ಕೀಪರ್‌ನ ತಪ್ಪೇ? ಎನ್‌ಎಚ್‌ಎಲ್‌ನಲ್ಲಿ ಯಾವ ತಂಡಕ್ಕೆ ಒಳ್ಳೆಯ ಕೀಪರ್ ಬೇಕು ಅಂತ ಗೊತ್ತಾಗೋದು ಹೇಗೆ?

ನಿಮ್ಮ ಪ್ರಶ್ನೆ ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನದ್ದು: ಗೋಲು ಹೊಡೆಯೋ ದೊಡ್ಡ ತಾರೆಗಳಾದ ಮೆಕ್‌ಡೇವಿಡ್, ಡ್ರೈಸೈಟಲ್ ಇಬ್ಬರೂ ಇದ್ದೂ ಎಡ್ಮಂಟನ್ ಆಯ್ಲರ್ಸ್ 2024 ಮತ್ತು 2025ರ ಫೈನಲ್‌ಗಳಲ್ಲಿ ಫ್ಲೋರಿಡಾಗೆ ಸೋತದ್ದು ಕೀಪರ್‌ನಿಂದಲೇನಾ, ಇನ್ಯಾರಿಗೆ ಇದೇ ಕೊರತೆ ಇದೆ ಅಂತ. ಎಡ್ಮಂಟನ್ ವಿಷಯದಲ್ಲಿ ನನ್ನ ಉತ್ತರ: ಅರ್ಧ ಮಾತ್ರ ಹೌದು. (ಅಲ್ಲಿಯವರು ‘ಗೋಲಿ’ ಅಂತಾರೆ. ನಮಗೆ ಗೋಲಿ ಅಂದರೆ ಬೇರೆ ಆಟವೇ ನೆನಪಾಗೋದರಿಂದ ನಾನು ಕೀಪರ್ ಅಂತಲೇ ಬರೆಯುತ್ತೇನೆ.)

ಎಲ್ಲರೂ ಮೊದಲು ನೋಡೋದು ಸೇವ್ ಪರ್ಸೆಂಟೇಜ್. ನೂರು ಹೊಡೆತದಲ್ಲಿ 90 ತಡೆದರೆ .900. ಹತ್ತು ವರ್ಷದ ಹಿಂದೆ ಲೀಗ್ ಸರಾಸರಿಯೇ .915ರ ಹತ್ತಿರ ಇತ್ತು, 2024-25ರಲ್ಲಿ.900ರ ಆಸುಪಾಸಿಗೆ ಇಳಿದಿದೆ. ಹಾಗಾಗಿ ‘.910 ಇಲ್ಲದವ ಸ್ಟಾರ್ಟರೇ (ತಂಡದ ಮುಖ್ಯ ಕೀಪರ್) ಅಲ್ಲ’ ಅನ್ನೋ ಹಳೇ ಮಾತು ಈಗ ನಡೆಯಲ್ಲ. ಆದರೂ ಚಿಕ್ಕ ಅಂತರ ದೊಡ್ಡದೇ. 82 ಪಂದ್ಯಗಳಲ್ಲಿ 55 ಆಡುವ ಸ್ಟಾರ್ಟರ್ ಸುಮಾರು 1500 ಹೊಡೆತ ಎದುರಿಸುತ್ತಾನೆ. .890 ಆದರೆ 165 ಗೋಲು, .910 ಆದರೆ 135. ಆರು ಗೋಲಿಗೆ ಒಂದು ಗೆಲುವು ಅನ್ನೋದು ಅಂದಾಜು ಲೆಕ್ಕ. ಆ 30 ಗೋಲು ಅಂದರೆ ಐದು ಗೆಲುವು, ಹತ್ತು ಪಾಯಿಂಟ್. ಪ್ಲೇಆಫ್‌ಗೆ ಹೋಗೋದಕ್ಕೂ ಏಪ್ರಿಲ್‌ನಲ್ಲಿ ಮನೆಗೆ ಹೋಗೋದಕ್ಕೂ ಅಷ್ಟೇ ವ್ಯತ್ಯಾಸ.

ತೊಂದರೆ ಏನೆಂದರೆ ಈ ಅಂಕಿಯಲ್ಲಿ ಎಲ್ಲ ಹೊಡೆತಕ್ಕೂ ಒಂದೇ ತೂಕ. ಒಂದು ಪವರ್‌ಪ್ಲೇ (ಎದುರಾಳಿಯ ಒಬ್ಬ ಶಿಕ್ಷೆಗೆ ಹೊರಗೆ ಕೂತಿರೋ ಹೊತ್ತು) ನೋಡಿ. ಎಡಬದಿಯವನು ಹೊಡೆಯೋ ಹಾಗೆ ಕೋಲೆತ್ತಿ, ಹೊಡೆಯದೆ ಪಕ್ (ಚೆಂಡಿನ ಬದಲು ಇರೋ ಬಿಲ್ಲೆ) ಅನ್ನು ಅಡ್ಡಕ್ಕೆ ಬಲಬದಿಯವನಿಗೆ ದಾಟಿಸುತ್ತಾನೆ. ಕೀಪರ್ ಒಂದು ಕಂಬದ ಕಡೆಯಿಂದ ಇನ್ನೊಂದಕ್ಕೆ ಸ್ಕೇಟ್ ಒತ್ತಿ ಜಾರಬೇಕು. ಗೋಲಿನ ಬಾಯಿ 6 ಅಡಿ ಅಗಲ, 4 ಅಡಿ ಎತ್ತರ (ನಮ್ಮ ಮೈದಾನದ ಹಾಕಿಯಲ್ಲಿ ಅದು 12ಕ್ಕೆ 7 ಅಡಿ). ಪಕ್ ಬರೀ 3 ಇಂಚು ಅಗಲದ ಬಿಲ್ಲೆ. ಅವನು ಬಂದು ನೆಲೆಯಾಗಿ ನಿಂತ ಮೇಲೆ ಹೊಡೆತ ಬಂದರೆ ತಡೆದಾನು. ಇನ್ನೂ ಜಾರುತ್ತಿರುವಾಗಲೇ ಬಂದರೆ ತಳ್ಳಿದ ಕಾಲು ಹಿಂದೆಯೇ ಉಳಿದು ಎರಡು ಪ್ಯಾಡ್ ನಡುವೆ ಸಂದಿ ಬಿಟ್ಟಿರುತ್ತದೆ, ಪಕ್ ಅಲ್ಲೇ ನುಗ್ಗುತ್ತದೆ. ಆ ಗೋಲು ಅಡ್ಡ ಪಾಸ್ ಬಿಟ್ಟುಕೊಟ್ಟ ಡಿಫೆನ್ಸ್‌ನವರದು. ಅದೇ ಗೋಲಿನಿಂದ ದೂರದ ನೀಲಿಗೆರೆ ಹತ್ತಿರದಿಂದ, ಮುಂದೆ ಯಾರೂ ಮರೆ ಇಲ್ಲದೆ ಬಂದದ್ದು ಗ್ಲವ್ ಕೆಳಗೆ ನುಸುಳಿದರೆ ಪೂರ್ತಿ ಕೀಪರ್‌ನದೇ. ರೀಬೌಂಡ್ ಕೂಡ ಹಾಗೆ: ಪ್ಯಾಡ್‌ಗೆ ಬಡಿದದ್ದು ಮೂಲೆಗೆ ಹೋಯಿತಾ, ಎದುರಾಳಿಯ ಕೋಲಿಗೇ ಹೋಯಿತಾ ನೋಡಿ.

ಹೊಡೆತದ ಜಾಗ, ಬಗೆ ನೋಡಿ ಎಷ್ಟು ಗೋಲು ಆಗಬೇಕಿತ್ತು ಅಂತ ಲೆಕ್ಕಹಾಕೋ ‘ಎಕ್ಸ್‌ಪೆಕ್ಟೆಡ್ ಗೋಲ್ಸ್’ ಇರೋದು ಇದಕ್ಕೇ. ಅದು ಸಿಗದಿದ್ದರೆ ಸುಲಭ ಉಪಾಯ: ಅದೇ ಡಿಫೆನ್ಸ್ ಹಿಂದೆ ನಿಂತ ಇನ್ನೊಬ್ಬ ಕೀಪರ್‌ನ ಅಂಕಿ ಪಕ್ಕದಲ್ಲಿಟ್ಟು ನೋಡಿ.

ಎಡ್ಮಂಟನ್‌ಗೇ ಇದನ್ನು ಹಚ್ಚೋಣ. 2024-25ರಲ್ಲಿ ಸ್ಟುವರ್ಟ್ ಸ್ಕಿನ್ನರ್ .896, ಬ್ಯಾಕಪ್ ಕ್ಯಾಲ್ವಿನ್ ಪಿಕರ್ಡ್ .900. ಇಬ್ಬರೂ ಒಂದೇ ಮಟ್ಟ. ಅಂದರೆ ದೂರಿನಲ್ಲಿ ಒಂದು ಪಾಲು ಕೀಪರ್‌ನ ಮುಂದೆ ಆಡೋ ಡಿಫೆನ್ಸ್‌ನವರಿಗೂ ಸಲ್ಲಬೇಕು. ಸ್ಕಿನ್ನರ್‌ನ ನಿಜವಾದ ಸಮಸ್ಯೆ ಏರಿಳಿತ: ಆ ಪ್ಲೇಆಫ್‌ನಲ್ಲೇ ವೇಗಸ್ ವಿರುದ್ಧ ಸತತ ಎರಡು ಶಟ್‌ಔಟ್ (ಒಂದೂ ಗೋಲು ಬಿಡದ ಪಂದ್ಯ), ಆಮೇಲೆ ಫೈನಲ್‌ನ 3 ಮತ್ತು 4ನೇ ಪಂದ್ಯದಲ್ಲಿ ಮಧ್ಯದಲ್ಲೇ ಬೆಂಚಿಗೆ.

ತಂಡ ಕಂಡುಕೊಂಡ ಮದ್ದು ನನಗೆ ಹಿಡಿಸಿಲ್ಲ. 2025ರ ಡಿಸೆಂಬರ್‌ನಲ್ಲಿ ಸ್ಕಿನ್ನರ್‌ನನ್ನು ಪಿಟ್ಸ್‌ಬರ್ಗ್‌ಗೆ ಕೊಟ್ಟು ಟ್ರಿಸ್ಟನ್ ಜ್ಯಾರಿಯನ್ನು ತಂದರು. ಅದೇ ವರ್ಷದ ಜನವರಿಯಲ್ಲಿ ಪಿಟ್ಸ್‌ಬರ್ಗ್ ಜ್ಯಾರಿಯನ್ನು ವೇವರ್ಸ್‌ಗೆ (ಬೇಕಾದ ತಂಡ ಎತ್ತಿಕೊಳ್ಳಬಹುದಾದ ಪಟ್ಟಿ) ಹಾಕಿತ್ತು, ಯಾರೂ ಎತ್ತಿಕೊಳ್ಳಲಿಲ್ಲ. ಹೊಸ ಸೀಸನ್‌ನ ಮೊದಲ ಎರಡು ತಿಂಗಳು ಚೆನ್ನಾಗಿ ಆಡಿದ ಅಂತ ವರ್ಷಕ್ಕೆ 53.75 ಲಕ್ಷ ಡಾಲರ್‌ನ, 2028ರವರೆಗಿನ ಕರಾರನ್ನು ಹೆಗಲಿಗೆ ಹಾಕಿಕೊಂಡರು. 500 ಹೊಡೆತದಲ್ಲಿ, ನಿಜವಾಗಿ .900 ಇರುವ ಕೀಪರ್ ಬರೀ ಅದೃಷ್ಟದಿಂದ .887ಕ್ಕೂ ಇಳಿಯಬಹುದು, .913ಕ್ಕೂ ಏರಬಹುದು. ಎರಡು ತಿಂಗಳ ಆಟ ಅಷ್ಟೂ ಆಗಲ್ಲ. 2022ರಲ್ಲಿ ಇದೇ ತಂಡ ಜ್ಯಾಕ್ ಕ್ಯಾಂಬೆಲ್‌ಗೆ ಐದು ವರ್ಷದ ಕರಾರಿನಲ್ಲಿ ವರ್ಷಕ್ಕೆ 50 ಲಕ್ಷ ಡಾಲರ್ ಕೊಟ್ಟು ಸುಟ್ಟುಕೊಂಡಿತ್ತು, ಮೊದಲ ಸೀಸನ್.888, ಎರಡನೆಯದರಲ್ಲಿ ಐದು ಪಂದ್ಯಕ್ಕೇ ಕೆಳಹಂತದ ಲೀಗ್ ಎಎಚ್‌ಎಲ್‌ಗೆ, 2024ರಲ್ಲಿ ಬೈಔಟ್ (ಹಣ ಕೊಟ್ಟು ಕರಾರು ಮುಗಿಸೋದು). ಬೈಔಟ್‌ನ ಹೊರೆ ಕ್ಯಾಪ್ (ತಂಡದ ಸಂಬಳದ ಮಿತಿ) ಮೇಲೆ ಆರು ವರ್ಷ.

ಕೊರತೆ ಖಚಿತವಾಗಿ ಕೀಪರ್‌ನದೇ ಆಗಿದ್ದ ತಂಡ ಫಿಲಡೆಲ್ಫಿಯಾ. 2024-25ರಲ್ಲಿ ಎರ್ಸನ್, ಫೆಡೊಟೊವ್, ಕೊಲೊಸೊವ್ ಮೂವರೂ .890ರ ಕೆಳಗೆ. ಮೂವರೂ ಒಟ್ಟಿಗೆ ಬಿದ್ದರೆ ಡಿಫೆನ್ಸ್ ಮೇಲೇ ಅನುಮಾನ ಬರಬೇಕು, ಆದರೆ ಅವರ ಮೇಲೆ ಬರುತ್ತಿದ್ದ ಹೊಡೆತ ಅಂಥ ಹೆಚ್ಚೇನೂ ಇರಲಿಲ್ಲ. ಮರುಬೇಸಿಗೆಯಲ್ಲಿ ಕ್ಯಾಲ್ಗರಿಯಿಂದ ಡ್ಯಾನ್ ವ್ಲಾಡಾರ್‌ನನ್ನು ಎರಡೇ ವರ್ಷದ ಕರಾರಿಗೆ ತಂದರು. ಕೆಟ್ಟರೂ ಬೇಗ ಬಿಡುಗಡೆ ಇದೆ.

ಡ್ರಾಫ್ಟ್‌ನಲ್ಲಿ (ತಂಡಗಳು ಎಳೆಯ ಆಟಗಾರರನ್ನು ಸರದಿಯಲ್ಲಿ ಆರಿಸೋದು) ಹುಡುಕೋದು ಇವತ್ತಿನ ಹಸಿವಿಗೆ ತೆಂಗಿನ ಸಸಿ ನೆಟ್ಟ ಹಾಗೆ. 2025ರಲ್ಲಿ ಲೀಗ್‌ನ ಅತಿ ಮೌಲ್ಯದ ಆಟಗಾರನಿಗೆ ಕೊಡೋ ಹಾರ್ಟ್ ಟ್ರೋಫಿ ಗೆದ್ದ ವಿನ್ನಿಪೆಗ್‌ನ ಕೀಪರ್ ಕಾನರ್ ಹೆಲಬಕ್ 2012ರಲ್ಲಿ ಆಯ್ಕೆಯಾದದ್ದು 130ನೆಯವನಾಗಿ. ಎಡ್ಮಂಟನ್ ಸೋತ ಎರಡೂ ಫೈನಲ್‌ಗಳಲ್ಲಿ ಫ್ಲೋರಿಡಾದ ಕೀಪರ್ ಆಗಿದ್ದ ಬೊಬ್ರೋವ್‌ಸ್ಕಿಯನ್ನು ಯಾರೂ ಆರಿಸಲೇ ಇಲ್ಲ.

ಸರಿಯಾಗಿ ಮಾಡಿದ ಖರೀದಿ ನೋಡಬೇಕೆಂದರೆ ಕೊಲರಾಡೊ ನೋಡಿ. 2024ರ ಕೊನೆಯಲ್ಲಿ ಹತ್ತೇ ದಿನದೊಳಗೆ ಇಬ್ಬರು ಕೀಪರ್‌ಗಳನ್ನೂ ಬದಲಾಯಿಸಿದರು. ಹಳೆಯ ಕೀಪರ್ ಜಾರ್ಜಿಯೆವ್ .874ರಲ್ಲಿ ಒದ್ದಾಡುತ್ತಿದ್ದ, ಅದೇ ಡಿಫೆನ್ಸ್ ಹಿಂದೆ ಮೆಕೆಂಜಿ ಬ್ಲ್ಯಾಕ್‌ವುಡ್.913. ಬ್ಲ್ಯಾಕ್‌ವುಡ್‌ನನ್ನು ತಂದದ್ದು ಆ ಸೀಸನ್ ಲೀಗ್‌ನಲ್ಲೇ ಕೊನೆಯ ಸ್ಥಾನ ಪಡೆದ ಸ್ಯಾನ್ ಹೊಸೆಯಿಂದ. ತೂತು ಡಿಫೆನ್ಸ್ ಹಿಂದೆ ಸರಾಸರಿಗಿಂತ ಮೇಲೆ ನಿಂತವನನ್ನು ಗಟ್ಟಿ ಡಿಫೆನ್ಸ್ ಹಿಂದೆ ನಿಲ್ಲಿಸಿದರು, ಅಷ್ಟೇ. ಆದರೂ ಆ ವರ್ಷ ಮೊದಲ ಸುತ್ತಿನಲ್ಲೇ ಡಲ್ಲಾಸ್‌ಗೆ ಏಳು ಪಂದ್ಯಗಳಲ್ಲಿ ಸೋತರು.